‘ಜಗವೆಲ್ಲಾ ತೊಯ್ದಾ’: ತೊಯ್ದವರು ಯಾರು?

ಬೇಂದ್ರೆಯವರ ‘ಬೆಳಗು’ ಕವಿತೆಯ ಒಂದು ಕ್ರಿಯಾಪದ ನನ್ನನ್ನು ಕಾಡುತ್ತಿದೆ. 1932ರ ‘ಗರಿ’ ಸಂಕಲನದಲ್ಲಿರುವ ಈ ಕವಿತೆಯನ್ನು ಓದಿದವರಿಗಿಂತ ಹಾಡಾಗಿ ಕೇಳಿದವರೇ ಹೆಚ್ಚಿರಬೇಕು. ‘ಮೂಡಣ ಮನೆಯಾ ಮುತ್ತಿನ ನೀರಿನ ಎರಕವ ಹೊಯ್ದಾ’ ಎಂದು ಶುರುವಾಗುವ ಮೊದಲ ನುಡಿಯ ಕೊನೆ ಹೀಗಿದೆ:

ಬಾಗಿಲ ತೆರೆದೂ ಬೆಳಕು ಹರಿದೂ
ಜಗವೆಲ್ಲಾ ತೊಯ್ದಾ
ದೇವನು ಜಗವೆಲ್ಲಾ ತೊಯ್ದಾ

ನಾನು ಬಳಸುವ ಕನ್ನಡದಲ್ಲಿ ‘ತೊಯ್’ ಅಕರ್ಮಕ, ಅಂದರೆ ಕರ್ಮವನ್ನು ಬೇಡದ ಕ್ರಿಯಾಪದ. ಮಳೆಗೆ ಸಿಕ್ಕಿ ನಾನು ತೊಯ್ದೆ. ಒಣಹಾಕಿದ ಬಟ್ಟೆ ತೊಯ್ದು ಹೋಯಿತು. ಮತ್ತೊಂದನ್ನು ಒದ್ದೆ ಮಾಡಿದರೆ ಅದು ‘ತೊಯಿಸು’. ಈ ಲೆಕ್ಕದಲ್ಲಿ ದೇವನು ಜಗತ್ತನ್ನು ತೊಯಿಸಲಿಲ್ಲ, ತಾನೇ ತೊಯ್ದ. ಜಗವೇ ಕರ್ತೃವಾಗಿದ್ದರೆ ‘ತೊಯ್ದಿತು’ ಎಂದಿರಬೇಕಿತ್ತು. ಕರ್ಮವಾಗಿದ್ದರೆ ‘ಎರಕವ’ ಎಂಬಲ್ಲಿರುವಂತೆ ಇಲ್ಲಿಯೂ ಕರ್ಮವನ್ನು ತೋರಿಸುವ ದ್ವಿತೀಯಾ ಪ್ರತ್ಯಯ ಕಾಣಬಹುದಿತ್ತು. ಆದರೆ ಮಾತಿನಲ್ಲಿ ನಾವು ಆ ಪ್ರತ್ಯಯವನ್ನು ಸದಾ ಬಿಡುತ್ತೇವೆ. ಹಾಗಾಗಿ ಅದೊಂದನ್ನೇ ಆಧಾರ ಮಾಡಿಕೊಳ್ಳಲಾರೆ.

‘ಹೊಯ್ದಾ’ಗೆ ಪ್ರಾಸವಾಗಿ ‘ತೊಯ್ದಾ’ ಬಂದಿದೆ, ಅಷ್ಟೇ ಎಂದು ಸ್ನೇಹಿತರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕವಿತೆಯ ಕಟ್ಟನ್ನೇ ನೋಡಿ. ‘ಎರಕವ ಹೊಯ್ದಾ’ ಎಂದಾಗ ಹೊಯ್ದವನು ಯಾರೆಂದು ಹೇಳಿಲ್ಲ. ಮುಂದೆ ಬಾಗಿಲು ತೆರೆಯುತ್ತದೆ, ಬೆಳಕು ಹರಿಯುತ್ತದೆ. ‘ಬೆಳಕು ಹರಿಯಿತು’ ಎಂಬುದು ಮನೆಮನೆಯ ಮಾತು. ಅದರಲ್ಲಿ ನೀರಿದೆ ಎಂದು ಯಾರೂ ಎಣಿಸುವುದಿಲ್ಲ. ಮೊದಲ ಸಾಲಿನಲ್ಲೇ ಮುತ್ತಿನ ನೀರು ಹೊಯ್ದಿರುವುದರಿಂದ ಇಲ್ಲಿ ಆ ‘ಹರಿ’ ನಿಜವಾಗಿಯೂ ಹರಿಯತೊಡಗುತ್ತದೆ. ಕರ್ತೃವಿನ ಹೆಸರು ಬರುವುದು ನುಡಿಯ ಕಟ್ಟಕಡೆಯ ಸಾಲಿನಲ್ಲಿ. ಅದೂ ಹೊಸ ವಾಕ್ಯವಾಗಿ ಅಲ್ಲ, ಮರುಕಳಿಸುವ ಸಾಲಿಗೆ ಮುಂದೆ ಸೇರಿದ ಒಂದೇ ಪದವಾಗಿ.

ಹೀಗೆ ಮಾಡಿದವರು ಯಾರೆಂಬುದನ್ನು ಸೂಚಿಸುವ ಪದಗಳನ್ನಷ್ಟೇ ಹೆಕ್ಕಿ ಓದಿದರೆ ಬೇರೊಂದು ಕಥೆ ಕಾಣುತ್ತದೆ. ಮೊದಲ ನುಡಿಯಲ್ಲಿ ‘ದೇವನು’ ಸೇರಿತು. ಎರಡನೆಯದರಲ್ಲಿ ಕಾರಂಜಿ ‘ತಾನೇ’ ಪುಟಿಯುತ್ತದೆ, ಮೊಗ್ಗು ‘ತಾನೇ’ ಒಡೆಯುತ್ತದೆ. ಮೂರನೆಯದರಲ್ಲಿ ಅಮೃತದ ಬಿಂದುವನ್ನು ಕಂಡು ‘ಯಾರಿರಿಸಿಹರೂ’ ಎಂಬ ಬೆರಗು. ದೇವನೆಂದು ಹೇಳಿ ಆಗಿದೆಯಲ್ಲ, ಮತ್ತೆ ಯಾರೆಂದು ಕೇಳುವುದೇಕೆ? ಮಾಡಿದವನು, ತಾನೇ ಆದದ್ದು, ಯಾರೋ ತಿಳಿಯದು: ಈ ಮೂರರ ನಡುವೆ ಗೆರೆ ಎಳೆಯಲು ಕವಿತೆಗೆ ಮನಸ್ಸಿಲ್ಲ. ‘ತೊಯ್ದಾ’ ಆ ಗೆರೆಯನ್ನು ಮೊದಲ ನುಡಿಯಲ್ಲೇ ಅಳಿಸಿಬಿಟ್ಟಿದೆ ಎಂದು ನನಗೆ ಅನಿಸುತ್ತದೆ. ನೀರು ಹೊಯ್ದವನೇ ಆ ನೀರಿನಲ್ಲಿ ನೆನೆದು ನಿಂತಿದ್ದಾನೆ, ಜಗವೆಲ್ಲಾ ತಾನಾಗಿ. ‘ಹೊಯ್’ ಮಾಡುವ ಕ್ರಿಯೆ, ‘ತೊಯ್’ ಆಗುವ ಕ್ರಿಯೆ. ಅವೆರಡನ್ನು ಪ್ರಾಸ ಒಂದೇ ಉಸಿರಿಗೆ ಕಟ್ಟಿದೆ.

ಕೊನೆಕೊನೆಗೆ ಈ ಮರುಕಳಿಕೆಯೂ ಸಡಿಲವಾಗುತ್ತದೆ. ‘ಮೈದೋರಿತಣ್ಣಾ’ ಆದ ಮೇಲೆ ಅದೇ ಸಾಲು ತಿರುಗಿ ಬರಬೇಕಾದ ಜಾಗದಲ್ಲಿ ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎಂದು ಬರುತ್ತದೆ. ಹಿಂದಿನ ಸಾಲಿನಿಂದ ಉಳಿದದ್ದು ‘ಅಣ್ಣಾ’ ಒಂದೇ. ಅದೇ ಸಾಲಿಗಾಗಿ ಕಾದಿದ್ದ ಕಿವಿಗೆ ಅದು ಸಿಗುವುದಿಲ್ಲ. ಆದ್ದರಿಂದಲೇ ‘ಬರಿ ಬೆಳಗಲ್ಲ’ ಎಂಬುದು ಬರಿಯ ಹೇಳಿಕೆಯಾಗಿ ಉಳಿಯುವುದಿಲ್ಲ.

ನನ್ನ ಓದು ನಿಂತಿರುವುದು ‘ತೊಯ್’ ಅಕರ್ಮಕ ಎಂಬ ಒಂದೇ ಆಧಾರದ ಮೇಲೆ. ಆದ್ದರಿಂದ ಧಾರವಾಡ, ಗದಗ, ಬೆಳಗಾವಿಯ ಕಡೆಯವರನ್ನು ಮುಖ್ಯವಾಗಿ ಕೇಳುತ್ತೇನೆ: ನಿಮ್ಮ ಮನೆಮಾತಿನಲ್ಲಿ ‘ಅವನು ಬಟ್ಟೆ ತೊಯ್ದ’ ಎಂದರೆ ಬಟ್ಟೆಯನ್ನು ಒದ್ದೆ ಮಾಡಿದ ಎಂಬ ಅರ್ಥ ಬರುತ್ತದೆಯೇ? ಹಿರಿಯರ ಬಾಯಲ್ಲಿ ಕೇಳಿದ ಒಂದೆರಡು ವಾಕ್ಯಗಳನ್ನು ಹಾಗೆಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.