ಕೋಳಿ ಕೂಗುವ ಮುನ್ನವೇ ತಿಳಿದಿದ್ದರೆ ಪೇತ್ರನ ತಪ್ಪೇನು?

ಪ್ರಶ್ನೆ

ಮಾನ್ಯರೇ, ನಮ್ಮದು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಕುಟುಂಬ. ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತೇನೆ. ಕೋಳಿ ಕೂಗುವ ಮುನ್ನ ಶಿಷ್ಯ ಪೇತ್ರನು ತನ್ನನ್ನು ಮೂರು ಸಲ ನಿರಾಕರಿಸುವನೆಂದು ಯೇಸು ಹೇಳುವ ಭಾಗವನ್ನು (ಮತ್ತಾಯ 26) ಓದುತ್ತಿದ್ದಾಗ ಹುಡುಗಿಯೊಬ್ಬಳು, "ಮೊದಲೇ ಹೇಳಿಬಿಟ್ಟ ಮೇಲೆ ಪೇತ್ರನ ತಪ್ಪೇನು?" ಎಂದು ಕೇಳಿದಳು. ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ, ಮನೆಗೆ ಬಂದ ಮೇಲೆ ನನಗೂ ಆಗಲಿಲ್ಲ.

ಉತ್ತರ 1

ನೀವು ಹೇಳಿದ್ದು ಸಂತ ಅಗಸ್ಟೀನರ ವಾದವೇ. ನಮ್ಮ ನೆನಪು ಹಿಂದಿನದನ್ನು ಹೇಗೆ ಬಲವಂತವಾಗಿ ಆಗಿಸಲಿಲ್ಲವೋ ಹಾಗೆಯೇ ದೇವರ ಮುನ್ನರಿವು ಮುಂದಿನದನ್ನು ಬಲವಂತಪಡಿಸುವುದಿಲ್ಲ ಎಂದು ಅವರು ಬರೆದರು. ಆರನೆಯ ಶತಮಾನದಲ್ಲಿ ಮರಣದಂಡನೆಯನ್ನು ಎದುರುನೋಡುತ್ತಾ ಸೆರೆಯಲ್ಲಿದ್ದ ತತ್ತ್ವಜ್ಞಾನಿ ಬೊಯೇಥಿಯಸ್ ಇನ್ನೂ ಮುಂದೆ ಹೋಗಿ, ದೇವರಿಗೆ ಎಲ್ಲ ಕಾಲವೂ ಒಂದೇ ವರ್ತಮಾನ ಎಂದರು. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ಎಲ್ಲರೂ ಒಟ್ಟಿಗೆ ಕಾಣುತ್ತಾರೆ ಎಂಬುದು ತೋಮಸ್ ಅಕ್ವಿನಾಸರ ಹೋಲಿಕೆ. ಚಾಮುಂಡಿ ಬೆಟ್ಟದಿಂದ ನಂಜನಗೂಡು ರಸ್ತೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ನೋಡಿದೆವೆಂದು ಯಾವ ಬಸ್ಸೂ ತಿರುಗುವುದಿಲ್ಲ. ಮುನ್ನರಿವು ಎಂಬ ಪದದಲ್ಲಿ 'ಅರಿವು' ದೇವರದು, 'ಮುನ್' ಮಾತ್ರ ನಮ್ಮದು.

ಉತ್ತರ 2

ಬೆಟ್ಟದ ಹೋಲಿಕೆ ಚೆನ್ನಾಗಿದೆ, ಆದರೆ ಹುಡುಗಿಯ ಪ್ರಶ್ನೆ ಅದಕ್ಕೆ ಸಿಕ್ಕುವುದಿಲ್ಲ. ದೇವರು ಕಾಲಾತೀತನೇ ಇರಲಿ, ಆ ಮಾತು ಮಾತ್ರ ಕಾಲದೊಳಗೆ, ರಾತ್ರಿಯ ಊಟ ಮುಗಿದ ಮೇಲೆ, ಪೇತ್ರನ ಕಿವಿಗೇ ಬಿದ್ದಿತು. ಬೆಟ್ಟದ ಮೇಲಿನವನು ಕೆಳಗಿಳಿದು ಬಂದು ಹೇಳಿದಂತಾಯಿತು.

ಇಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲೂಯಿಸ್ ದೆ ಮೊಲಿನಾ 1588ರಲ್ಲಿ ಮಂಡಿಸಿದ 'ಮಧ್ಯಮ ಜ್ಞಾನ' ನೆರವಾಗುತ್ತದೆ: ಯಾವ ಸನ್ನಿವೇಶದಲ್ಲಿ ಯಾರು ಸ್ವತಂತ್ರವಾಗಿ ಏನು ಮಾಡಿಯಾರು ಎಂಬುದೂ ದೇವರಿಗೆ ಗೊತ್ತು. ಇದಕ್ಕೆ ಆಧಾರವಾಗಿ ತೋರಿಸುವುದು 1 ಸಮುವೇಲ 23. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಸೌಲನು ಕೆಯೀಲಾ ಊರಿಗೆ ಬರುವನೇ, ಊರವರು ತನ್ನನ್ನು ಒಪ್ಪಿಸಿಬಿಡುವರೇ ಎಂದು ದಾವೀದನು ಕೇಳುತ್ತಾನೆ. ಹೌದೆಂದು ಉತ್ತರ ಬರುತ್ತದೆ. ದಾವೀದನು ಊರು ಬಿಡುತ್ತಾನೆ, ಅದು ನಡೆಯುವುದೇ ಇಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೂ ಪೇತ್ರನು ಸ್ವತಂತ್ರವಾಗಿ ಏನು ಮಾಡಿಯಾನೆಂಬುದೂ ಹಾಗೆಯೇ ದೇವರಿಗೆ ಗೊತ್ತಿತ್ತು ಎನ್ನಬಹುದು. ದೊಮಿನಿಕನ್ ಸಂನ್ಯಾಸಿಸಭೆಯವರು ಈ ವಾದವನ್ನು ಕಟುವಾಗಿ ವಿರೋಧಿಸಿದರು. 1607ರಲ್ಲಿ ಐದನೆಯ ಪೌಲ್ ಪೋಪರು ಯಾರ ಪರವಾಗಿಯೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬಾರದೆಂದಷ್ಟೇ ವಿಧಿಸಿದರು.

ಉತ್ತರ 3

ಪ್ರಾಟೆಸ್ಟಂಟರೆಲ್ಲರೂ ಇಷ್ಟು ಸುತ್ತುವುದಿಲ್ಲ. ಹದಿನಾರನೆಯ ಶತಮಾನದ ಸುಧಾರಕ ಕಾಲ್ವಿನ್ನರ ಪ್ರಕಾರ ದೇವರು ಸಂಕಲ್ಪಿಸಿರುವುದರಿಂದಲೇ ಮುಂದಿನದನ್ನು ಬಲ್ಲನು. ಪೇತ್ರನು ಹೆದರಿ ತನ್ನ ಮನಸ್ಸಿನಿಂದಲೇ ಸುಳ್ಳಾಡಿದ್ದರಿಂದ ತಪ್ಪು ಅವನದೇ. ಡಚ್ ದೇವತಾಶಾಸ್ತ್ರಜ್ಞ ಅರ್ಮಿನಿಯಸ್‌ರ ಅನುಯಾಯಿಗಳು ಇದನ್ನು ಒಪ್ಪಲಿಲ್ಲ. ನೆದರ್ಲೆಂಡ್ಸಿನ ಡಾರ್ಟ್ ನಗರದಲ್ಲಿ ಸೇರಿದ ಚರ್ಚ್ ಸಭೆ (1618-19) ಅವರನ್ನು ಖಂಡಿಸಿತು. ನಮ್ಮ ವೆಸ್ಲಿಯನ್ (ಮೆಥಡಿಸ್ಟ್) ಪರಂಪರೆ ಅರ್ಮಿನಿಯಸ್‌ರ ಕಡೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮುಂದಿನ ವಾರ ಕೆಯೀಲಾ ಪ್ರಸಂಗವನ್ನು ಓದಿಸುತ್ತೇನೆ. ಮಹಾಯಾಜಕನ ಯಾವ ಅಂಗಳದಲ್ಲಿ ಪೇತ್ರನು ನಿರಾಕರಿಸಿ ಬೀಳುವನೆಂದು ಬಲ್ಲ ದೇವರು ಅವನನ್ನು ಆ ಅಂಗಳಕ್ಕೆ ಬಿಟ್ಟದ್ದೇಕೆ ಎಂದು ಅವಳು ಕೇಳದೆ ಬಿಡಳು. ಅದಕ್ಕೆ ಲೂಕ 22ನ್ನೂ ಗುರುತು ಹಾಕಿಕೊಂಡಿದ್ದೇನೆ: ಅಲ್ಲಿ ಯೇಸು, ಪೇತ್ರನ ವಿಶ್ವಾಸ ಕುಂದದಂತೆ ಪ್ರಾರ್ಥಿಸಿದ್ದೇನೆ ಎನ್ನುತ್ತಾ, ಅವನು ಬೀಳುವ ಮೊದಲೇ ತಿರುಗಿಬಂದ ಮೇಲೆ ಮಾಡಬೇಕಾದ ಕೆಲಸವನ್ನು ವಹಿಸುತ್ತಾನೆ.