ರಾತ್ರಿ 3 ಗಂಟೆಯೋ, ಬೆಳಗಿನ ಜಾವ 3 ಗಂಟೆಯೋ?

ಗೆಳೆಯರೇ, ಒಂದು ಪದದ ವಿಷಯ ಕೇಳಬೇಕಿತ್ತು.

ಜಪಾನಿನ ಲೇಖಕ ಹರುಕಿ ಮುರಕಾಮಿ ಅವರ ‘ಆಫ್ಟರ್ ಡಾರ್ಕ್’ (2004) ಕಾದಂಬರಿಯ ಕೆಲವು ಪುಟಗಳನ್ನು ನನ್ನ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇನೆ. ಟೋಕಿಯೋದಲ್ಲಿ ಒಂದೇ ರಾತ್ರಿ ನಡೆಯುವ ಕತೆ. ರಾತ್ರಿ 11:56ಕ್ಕೆ ಶುರುವಾಗಿ ಬೆಳಗ್ಗೆ 6:52ಕ್ಕೆ ಮುಗಿಯುತ್ತದೆ. ಪ್ರತಿ ಅಧ್ಯಾಯದ ಮೇಲೂ ಒಂದು ಗಡಿಯಾರ. ಗುರುತು ಪರಿಚಯ ಇಲ್ಲದವರು ಎದುರಾಗುತ್ತಾರೆ, ಮಾತಾಡುತ್ತಾರೆ, ತಮ್ಮ ದಾರಿ ಹಿಡಿಯುತ್ತಾರೆ. (‘ಅಪರಿಚಿತರು’ ಅಂತ ಬರೆಯೋಕೆ ಮನಸ್ಸಾಗಲಿಲ್ಲ. ಅಪಘಾತದ ಸುದ್ದಿ ಓದಿದ ಹಾಗಾಗುತ್ತೆ.)

ಹನ್ನೆರಡರ ಆಸುಪಾಸಿಗೆ ಪದಗಳ ಕೊರತೆಯಿಲ್ಲ. ನಡುರಾತ್ರಿ, ಸರಿರಾತ್ರಿ, ನಟ್ಟಿರುಳು. ತೊಡಕು ಬಂದದ್ದು 3 ಗಂಟೆಗೆ.

ಮೊದಲು ಯೋಚಿಸದೆ ‘ಬೆಳಗಿನ ಜಾವ’ ಅಂತ ಬರೆದೆ. ಜಾವ ಅಂದರೆ ಯಾಮ, 3 ಗಂಟೆಯ ಹೊತ್ತು. ದಿನಕ್ಕೆ 8 ಜಾವ, ರಾತ್ರಿಯ ಕೊನೆಯ ಜಾವ ಶುರುವಾಗೋದು ಸುಮಾರು 3ಕ್ಕೆ. ಹಾಗಾಗಿ ಲೆಕ್ಕ ಸರಿಯಾಗಿಯೇ ಇದೆ. ಆದರೆ ಓದಿಕೊಂಡಾಗ ಕಿವಿ ಒಪ್ಪಲಿಲ್ಲ. ‘ಬೆಳಗಿನ ಜಾವ ಮೂರಕ್ಕೇ ಎದ್ದೆ’ ಅನ್ನುತ್ತೇವೆ. ಮಲಗದೇ ಕೂತವರು ಮಾತ್ರ ‘ರಾತ್ರಿ ಮೂರರವರೆಗೂ ಓದಿದೆ’ ಅನ್ನುತ್ತಾರೆ, ಅಲ್ವಾ? ಗಂಟೆ ಒಂದೇ. ನಿದ್ದೆ ಮುಗಿಸಿದವರಿಗೆ ಅದು ಬೆಳಗು, ನಿದ್ದೆಯನ್ನೇ ಮಾಡದವರಿಗೆ ಇನ್ನೂ ರಾತ್ರಿ.

ಈ ಕತೆಯಲ್ಲಿ ಇದು ಸಣ್ಣ ವಿಷಯವಲ್ಲ. ಮಾರಿ ಎಂಬ ಹುಡುಗಿ ಮನೆಗೆ ಹೋಗದೆ ಹೋಟೆಲಿನಲ್ಲಿ ದಪ್ಪ ಪುಸ್ತಕ ಹಿಡಿದು ಕೂತಿದ್ದಾಳೆ. ಅವಳಿಗಿದು ರಾತ್ರಿಯೇ. ಅವಳ ಅಕ್ಕ ಎರಿ ಎರಡು ತಿಂಗಳಿಂದ ನಿದ್ದೆಯಲ್ಲೇ ಇದ್ದಾಳೆ. ಅವಳ ಕೋಣೆಯಲ್ಲಿ, ಪ್ಲಗ್ ಹಾಕದ ಟಿವಿಯಲ್ಲಿ ಚಿತ್ರ ಮೂಡುತ್ತದೆ. ಆ ಕೋಣೆಯ 3 ಗಂಟೆಗೆ ರಾತ್ರಿ ಅನ್ನೋದೂ ಕಷ್ಟ, ಬೆಳಗು ಅನ್ನೋದೂ ಕಷ್ಟ.

‘ನಸುಕು’ ಬಳಸೋಣ ಅಂದರೆ ಅದಕ್ಕೆ ಒಂದಿಷ್ಟಾದರೂ ಬೆಳಕು ಬೇಕು. ಉಳಿದದ್ದು ‘ಅಪರಾತ್ರಿ’. ನನಗೆ ಜಾಸ್ತಿ ಇಷ್ಟವಾದದ್ದೂ, ಜಾಸ್ತಿ ಅನುಮಾನ ಇರುವುದೂ ಇದರ ಮೇಲೇ. ಸಂಸ್ಕೃತದ ‘ಅಪರರಾತ್ರ’ಕ್ಕೆ ರಾತ್ರಿಯ ಉತ್ತರಾರ್ಧ ಅಂತ ಅರ್ಥ, ಬೈಗುಳ ಏನಿಲ್ಲ. ನಮ್ಮ ಮಾತಿನಲ್ಲಿ ಮಾತ್ರ ‘ಅಪರಾತ್ರಿಯಲ್ಲಿ ಎಲ್ಲಿಗೆ ಹೊರಟೆ?’ ಅಂದರೆ ಗದರಿಕೆ. ಹೊತ್ತಲ್ಲದ ಹೊತ್ತು ಅನ್ನೋ ಅರ್ಥವೇ ಮುಂದೆ ನಿಲ್ಲುತ್ತದೆ. ಅಪಕೀರ್ತಿ, ಅಪಶಕುನದ ‘ಅಪ’ ಅಂತ ಕೇಳಿಸಿಕೊಂಡು ಹೀಗಾಯಿತೇ? ಮಾರಿಯ ಪಕ್ಕ ಈ ಪದ ಇಟ್ಟರೆ, ಅವಳು ಏನೋ ತಪ್ಪು ಮಾಡಿದ ಹಾಗೆ ಕೇಳುತ್ತದೆ. ಅವಳು ಸುಮ್ನೆ ಕೂತು ಓದುತ್ತಿದ್ದಾಳೆ ಅಷ್ಟೇ.

ಗದರಿಕೆ ಇಲ್ಲದ ‘ಅಪರಾತ್ರಿ’ಯನ್ನು ನೀವು ಎಲ್ಲಾದರೂ ಕೇಳಿದ್ದೀರಾ? ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: 3 ಗಂಟೆಗೆ ಪಕ್ಕದವರ ಹತ್ತಿರ ಮಾತಾಡುವಾಗ ಆ ಹೊತ್ತನ್ನು ಏನಂತ ಕರೆಯುತ್ತಿದ್ದಿರಿ?