ಎತ್ತಿಗೆ ಜ್ವರ, ಎಮ್ಮೆಗೆ ಬರೆ? ಕಾಲೇಜು ಫುಟ್‌ಬಾಲ್ ಹಗರಣಗಳ ಶಿಕ್ಷೆ ನಿಜವಾಗಿ ಯಾರಿಗೆ ತಟ್ಟುತ್ತೆ?

ಶನಿವಾರ_ಸಂಜೆ ಕೇಳಿದ್ದು:

ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಕಾಲೇಜು ಫುಟ್‌ಬಾಲ್ ವಿಷಯ ಇದು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಕೊಟ್ಟ ಮೂರು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ತಾಳೆಯಾಗುತ್ತಿಲ್ಲ.

1987ರಲ್ಲಿ ಟೆಕ್ಸಸ್‌ನ ಎಸ್‌ಎಂಯು ವಿಶ್ವವಿದ್ಯಾಲಯ: ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟಿದ್ದಕ್ಕೆ ಇಡೀ ಸೀಸನ್ ರದ್ದು. 2012ರಲ್ಲಿ ಪೆನ್ ಸ್ಟೇಟ್: ಸ್ಯಾಂಡಸ್ಕಿ ಎಂಬ ಮಾಜಿ ಸಹಾಯಕ ಕೋಚ್ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣಕ್ಕೆ ನಾಲ್ಕು ವರ್ಷ ಬೌಲ್ ನಿಷೇಧ, 6 ಕೋಟಿ ಡಾಲರ್ ದಂಡ, 112 ಗೆಲುವು ರದ್ದು. 2025ರ ಆಗಸ್ಟ್‌ನಲ್ಲಿ ಮಿಷಿಗನ್: ಮುಂದಿನ ಎದುರಾಳಿಗಳ ಪಂದ್ಯಗಳಿಗೆ ಜನ ಕಳಿಸಿ, ಅವರ ಕೋಚ್‌ಗಳು ಆಟಗಾರರಿಗೆ ಕೊಡುವ ಸಿಗ್ನಲ್ ಚಿತ್ರೀಕರಿಸಿದ್ದಕ್ಕೆ ಮುಖ್ಯವಾಗಿ ದಂಡ ಮಾತ್ರ. 2023ರ ಸೀಸನ್ನಿನ ಚಾಂಪಿಯನ್ ಪಟ್ಟ ಹಾಗೇ ಉಳಿಯಿತು.

ಎರಡು ಪ್ರಶ್ನೆ. ಈ ಬೇರೆ ಬೇರೆ ಶಿಕ್ಷೆಗಳು ನೆಲದ ಮೇಲೆ ಯಾರಿಗೆ ಪೆಟ್ಟು ಕೊಡುತ್ತವೆ? ತಪ್ಪು ಮಾಡಿದವನಿಗೇ ತಾಗುವಂಥದ್ದು ಇದರಲ್ಲಿ ಯಾವುದಾದರೂ ಇದೆಯೇ?

---

ಕಡತದ_ಹುಳು:

ಎನ್‌ಸಿಎಎ ಕೈಯಲ್ಲಿರುವುದು ಒಂದೇ ಕೋಲಲ್ಲ, ನಾಲ್ಕೈದು. ಒಂದೊಂದೂ ಒಬ್ಬೊಬ್ಬರ ಬೆನ್ನಿಗೆ ಬೀಳುತ್ತೆ, ಹಾಗಾಗಿ ಬಿಡಿಬಿಡಿಯಾಗಿ ನೋಡಬೇಕು.

ಬೌಲ್ ನಿಷೇಧ ಅಂದರೆ ಸೀಸನ್ ಮುಗಿದ ಮೇಲಿನ ಪಂದ್ಯ ಆಡುವ ಹಾಗಿಲ್ಲ. ತೀರ್ಪು ಬಂದ ದಿನ ತಂಡದಲ್ಲಿ ಯಾರಿದ್ದಾರೋ ಅವರಿಗೆ ಇದು ಬೀಳುತ್ತೆ, ತಪ್ಪು ನಡೆದ ದಿನ ಇದ್ದವರಿಗಲ್ಲ. ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯದ ಪ್ರಕರಣ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿನ ಆಟಗಾರ ರೆಜಿ ಬುಷ್ ಕುಟುಂಬಕ್ಕೆ ಹೊರಗಿನವರಿಂದ ಸವಲತ್ತು ಸಿಕ್ಕಿದ್ದು 2004-05ರ ಹೊತ್ತಿಗೆ, ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಅಷ್ಟರಲ್ಲಿ ಬುಷ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಾಲ್ಕು ಸೀಸನ್ ಆಡಿ ಮುಗಿಸಿದ್ದ. ಕೋಚ್ ಪೀಟ್ ಕ್ಯಾರೊಲ್ ಅದೇ ವರ್ಷದ ಜನವರಿಯಲ್ಲಿ ಸಿಯಾಟಲ್‌ನ ಎನ್‌ಎಫ್‌ಎಲ್ ತಂಡಕ್ಕೆ ಹೋಗಿದ್ದರು. 2010 ಮತ್ತು 2011ರಲ್ಲಿ ಮನೆಯಲ್ಲಿ ಕೂತವರು ತಪ್ಪು ನಡೆದಾಗ ಮಿಡ್ಲ್ ಸ್ಕೂಲಿನಲ್ಲೋ ಹೈಸ್ಕೂಲಿನಲ್ಲೋ ಇದ್ದ ಹುಡುಗರು. 2011ರಲ್ಲಿ ಯುಎಸ್‌ಸಿ 10-2, ಅಂದರೆ ಹತ್ತು ಗೆಲುವು, ಎರಡು ಸೋಲು. ಕೊನೆಯ ಪಂದ್ಯದಲ್ಲಿ ಯುಸಿಎಲ್‌ಎಯನ್ನು 50-0 ಅಂತರದಲ್ಲಿ ಹೊಡೆದು ಹಾಕಿತು. ಆದರೂ ಅವರಿದ್ದ ಪ್ರಾದೇಶಿಕ ಲೀಗ್ ಪ್ಯಾಕ್-12ರ ಫೈನಲ್‌ಗೆ ಹೋದದ್ದು ಆ ಸೋತ ಯುಸಿಎಲ್‌ಎ!

ಸ್ಕಾಲರ್‌ಶಿಪ್ ಕಡಿತ ಹೊರಗಿನವರಿಗೆ ಸಣ್ಣದಾಗಿ ಕಾಣುತ್ತೆ, ತಂಡವನ್ನು ನಿಜವಾಗಿ ಮುರಿಯುವುದು ಅದೇ. ಆಗಿನ ನಿಯಮದಂತೆ ಒಂದು ತಂಡಕ್ಕೆ ಒಟ್ಟು 85 ಸ್ಕಾಲರ್‌ಶಿಪ್, ವರ್ಷಕ್ಕೆ ಹೊಸಬರು 25. ಯುಎಸ್‌ಸಿಗೆ ಮೂರು ವರ್ಷ ಇದನ್ನು 75 ಮತ್ತು 15ಕ್ಕೆ ಇಳಿಸಿದರು. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಹನ್ನೊಂದು ಜನರ ಮೊದಲ ಸಾಲು ಗಟ್ಟಿಯಾಗಿಯೇ ಇರುತ್ತೆ. ಪೆಟ್ಟು ಬೀಳುವುದು ಎರಡನೇ ಸಾಲಿಗೆ. ಮುಂದೆ ನಿಂತು ಎದುರಾಳಿಯನ್ನು ಮೈಬಲದಿಂದ ತಡೆಯುವ ಲೈನ್‌ಮನ್ ಒಬ್ಬ ಮೈ ತುಂಬಿಕೊಂಡು ಆಡಲು ತಯಾರಾಗಲು ಎರಡು-ಮೂರು ವರ್ಷ ಬೇಕು, ಆ ಸರತಿಯಲ್ಲೇ ಜನ ಇರುವುದಿಲ್ಲ. ಗಾಯದ ಭಯಕ್ಕೆ ಅಭ್ಯಾಸದಲ್ಲಿ ಪೂರ್ತಿ ಟ್ಯಾಕಲಿಂಗ್ (ಎದುರಾಳಿಯನ್ನು ಹಿಡಿದು ಕೆಡವುವುದು) ನಿಲ್ಲಿಸಬೇಕಾಗುತ್ತೆ, ಅದರಿಂದ ಪಂದ್ಯದಲ್ಲಿ ಟ್ಯಾಕಲಿಂಗ್ ಕೆಡುತ್ತೆ. ನವೆಂಬರ್ ಹೊತ್ತಿಗೆ ಮೊದಲ ಸಾಲಿನವರಿಗೆ ಉಸಿರಿರುವುದಿಲ್ಲ. 2012ರಲ್ಲಿ ಸೀಸನ್ ಶುರುವಾಗುವ ಮುಂಚೆ ಎಪಿ ಸುದ್ದಿಸಂಸ್ಥೆಯ ತಂಡಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನದಲ್ಲಿದ್ದ ಯುಎಸ್‌ಸಿ ಕೊನೆಗೆ 7-6. ಕಡಿತ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಹೊರೆ ಅದರದ್ದೇ ಜಾಸ್ತಿ.

ಗೆಲುವು ರದ್ದು ಮಾಡುವುದು ಬರೀ ಕಾಗದದ ಶಿಕ್ಷೆ. ಜನ ಇದನ್ನು ಎದುರಾಳಿಗೆ ಪಂದ್ಯ ಬಿಟ್ಟುಕೊಟ್ಟ ಹಾಗೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಗೆದ್ದವರ ಲೆಕ್ಕದಿಂದ ಗೆಲುವು ಅಳಿಸುತ್ತಾರೆ, ಸೋತವರ ಲೆಕ್ಕದಲ್ಲಿ ಸೋಲು ಹಾಗೇ ಇರುತ್ತೆ.

ಕೊನೆಯದು ಶೋ-ಕಾಸ್. ನಿಮ್ಮ ಎರಡನೇ ಪ್ರಶ್ನೆಗೆ ಹತ್ತಿರದ ಉತ್ತರ ಇದೇ. ಇದು ನಿಷೇಧವಲ್ಲ. ಆ ಕೋಚ್‌ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಾಲೇಜು ಎನ್‌ಸಿಎಎ ಮುಂದೆ ಬಂದು "ನಮ್ಮ ಮೇಲೆ ಏಕೆ ನಿರ್ಬಂಧ ಹಾಕಬಾರದು" ಎಂದು ಕಾರಣ ಕೊಡಬೇಕು. ಆ ತಲೆನೋವು ಯಾರಿಗೂ ಬೇಡವಾದ್ದರಿಂದ ನಿಷೇಧದ ಹಾಗೇ ಕೆಲಸ ಮಾಡುತ್ತೆ. ತೂತು ಏನೆಂದರೆ ಕಾಲೇಜಿನ ಬೇಲಿ ದಾಟಿದರೆ ಅದಕ್ಕೆ ಬೆಲೆಯಿಲ್ಲ. ಮಿಷಿಗನ್‌ನ ಜಿಮ್ ಹಾರ್ಬಾಗೆ ಹತ್ತು ವರ್ಷದ ಶೋ-ಕಾಸ್ ಬಿತ್ತು. ಹಿಂದಿನ ಇನ್ನೊಂದು ಪ್ರಕರಣದ ನಾಲ್ಕು ವರ್ಷ ಮುಗಿದ ಮೇಲೆ, 2028ರ ಆಗಸ್ಟ್‌ನಿಂದ ಅದು ಶುರು. ಅವರು 2024ರಲ್ಲೇ ಎನ್‌ಎಫ್‌ಎಲ್‌ನ ಚಾರ್ಜರ್ಸ್ ಸೇರಿಯಾಗಿತ್ತು. ಓಹಾಯೋ ಸ್ಟೇಟ್‌ನ ಜಿಮ್ ಟ್ರೆಸೆಲ್ ಕತೆ ಇನ್ನೂ ತಮಾಷೆ. 2011ರ ಡಿಸೆಂಬರ್‌ನಲ್ಲಿ ಐದು ವರ್ಷದ ಶೋ-ಕಾಸ್, ಅದು ಜಾರಿಯಲ್ಲಿರುವಾಗಲೇ 2014ರಲ್ಲಿ ಯಂಗ್‌ಸ್ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಕೋಚ್ ಆಗಲು ತಡೆ, ಕೋಚ್‌ನ ಮೇಲಿನ ಕುರ್ಚಿಗೆ ತಡೆಯಿಲ್ಲ.

---

ಮೂರನೇ_ಡೌನ್:

ಕಡತದವರ ಮಾತು ಸರಿ, ಆದರೆ ಬೌಲ್ ನಿಷೇಧವನ್ನು ಬಿಟ್ಟೇಬಿಡಬೇಕು ಅನ್ನುವ ಕಡೆಗೆ ವಾಲಿದರೆ ನನಗೆ ಒಪ್ಪಿಗೆಯಿಲ್ಲ. 2022ರ ಜನವರಿಯಲ್ಲಿ ಒಪ್ಪಿಕೊಂಡ ಎನ್‌ಸಿಎಎ ಹೊಸ ಸಂವಿಧಾನದಲ್ಲೇ ತಪ್ಪಿನಲ್ಲಿ ಪಾಲಿಲ್ಲದ ವಿದ್ಯಾರ್ಥಿಗಳಿಗೆ ಆದಷ್ಟೂ ಶಿಕ್ಷೆ ತಟ್ಟಬಾರದು ಅಂತ ಸೇರಿಸಿದರು. ಓದಲು ಚೆನ್ನಾಗಿದೆ. ಪರಿಣಾಮ ನೋಡಿ. 2023ರಲ್ಲಿ ಟೆನೆಸಿ ವಿಶ್ವವಿದ್ಯಾಲಯ: 18 ಅತಿ ಗಂಭೀರ ದರ್ಜೆಯ ಉಲ್ಲಂಘನೆ, ಬಿಡಿಬಿಡಿಯಾಗಿ ಎಣಿಸಿದರೆ 200ಕ್ಕೂ ಹೆಚ್ಚು. ಬೌಲ್ ನಿಷೇಧ ಇಲ್ಲ. ಬದಲಿಗೆ 80 ಲಕ್ಷ ಡಾಲರ್, ಅಂದರೆ ಎರಡು ವರ್ಷ ಬೌಲ್ ತಪ್ಪಿಸಿಕೊಂಡಿದ್ದರೆ ಆಗುತ್ತಿದ್ದ ನಷ್ಟಕ್ಕೆ ಸಮ. ಮಿಷಿಗನ್‌ಗೂ ಅದೇ ಸೂತ್ರ: 50,000 ಡಾಲರ್, ಅದರ ಜೊತೆ ಫುಟ್‌ಬಾಲ್ ಬಜೆಟ್ಟಿನ ಶೇ. 10, ಸ್ಕಾಲರ್‌ಶಿಪ್ ವೆಚ್ಚದ ಶೇ. 10ರಷ್ಟು, 2025 ಮತ್ತು 2026ರ ಬೌಲ್ ಆದಾಯ. ಎರಡು ಕೋಟಿ ಡಾಲರ್ ದಾಟುತ್ತೆ ಅಂತ ಆಗ ಅಂದಾಜಾಗಿತ್ತು.

ಆದರೆ ಅವರ ಸ್ಟೇಡಿಯಂನಲ್ಲಿ 1,07,601 ಸೀಟು ಇವೆ ಸ್ವಾಮಿ. ದೊಡ್ಡ ದಾನಿಗಳ ಸಾಲು ಬೇರೆ. ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಷ್ಟಕ್ಕೆ ಸಿಗುತ್ತೆ ಅಂದರೆ ಮುಂಗಡ ಕಟ್ಟಲು ತಯಾರಿರುವ ಕಾಲೇಜುಗಳು ಎಷ್ಟೋ ಇವೆ. ಇದನ್ನು ದಂಡ ಅನ್ನೋದಕ್ಕಿಂತ ಲೈಸೆನ್ಸ್ ಫೀ ಅನ್ನಬಹುದು. ದೊಡ್ಡ ಕಾಲೇಜಿಗೆ ಅದು ಹೆದರಿಕೆಯೇ ಅಲ್ಲ, ಸಣ್ಣ ಕಾಲೇಜಿಗೆ ಅದೇ ಮೊತ್ತ ಪ್ರಾಣಸಂಕಟ. ನ್ಯಾಯ ಅಲ್ಲೂ ಕುಂಟುತ್ತೆ.

ಅಮಾಯಕ ಹುಡುಗರು ಅನ್ನುವ ವಾದಕ್ಕೂ ಮೊದಲಿನ ಬಲ ಈಗಿಲ್ಲ. ಯುಎಸ್‌ಸಿ ಕಾಲದಲ್ಲಿ ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು, ವಿನಾಯಿತಿ ಕೊನೆಯ ವರ್ಷಗಳವರಿಗೆ ಮಾತ್ರ. 2021ರಿಂದ ಒಂದು ಸಲ ಕಾಯದೆ ಹೋಗಬಹುದಿತ್ತು, 2024ರಿಂದ ಎಷ್ಟು ಸಲ ಬೇಕಾದರೂ. ನಿಷೇಧ ಬಿದ್ದ ಕಾಲೇಜಿನಿಂದ ಹೊರಡುವ ಬಾಗಿಲು ತೆರೆದೇ ಇದೆ.

---

ಶನಿವಾರ_ಸಂಜೆ:

@ಮೂರನೇ_ಡೌನ್ ಕಾಲೇಜೇ ತನ್ನ ಮೇಲೆ ತಾನು ನಿಷೇಧ ಹಾಕಿಕೊಳ್ಳುವ ಪದ್ಧತಿಯೂ ಇದೆಯಲ್ಲ, ಅದಕ್ಕೆ ತೂಕ ಇದೆಯಾ?

---

ಮೂರನೇ_ಡೌನ್:

ಇದೆ, ಅದರಲ್ಲಿ ಲೆಕ್ಕಾಚಾರವೂ ಇದೆ. ತನಿಖೆ ನಡೆಯುತ್ತಿರುವಾಗಲೇ "ಈ ವರ್ಷ ನಾವು ಬೌಲ್ ಆಡಲ್ಲ" ಅಂತ ಘೋಷಿಸಿದರೆ ತೀರ್ಪಿನಲ್ಲಿ ಅದನ್ನು ಕಳೆಯುತ್ತಾರೆ. ಉಪಾಯ ಏನೆಂದರೆ ತಂಡ ಸಾಧಾರಣವಾಗಿರುವ ವರ್ಷವನ್ನು ಬಲಿ ಕೊಡುವುದು. ಮಯಾಮಿ 2011, 2012 ಎರಡೂ ವರ್ಷ ತಾನೇ ಹಿಂದೆ ಸರಿಯಿತು. 2013ರ ಅಕ್ಟೋಬರ್‌ನಲ್ಲಿ ತೀರ್ಪು ಬಂದಾಗ ಹೊಸ ನಿಷೇಧ ಇರಲಿಲ್ಲ, ಒಂಬತ್ತು ಸ್ಕಾಲರ್‌ಶಿಪ್ ಕಡಿತ ಮಾತ್ರ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು.

ಓಹಾಯೋ ಸ್ಟೇಟ್ ಇದೇ ಲೆಕ್ಕದಲ್ಲಿ ಎಡವಿತು. 2011ರಲ್ಲಿ ಅವರ ತಂಡ 6-6. ಅವತ್ತು ಸುಮ್ಮನಿದ್ದರೆ ಆಗುತ್ತಿತ್ತು. ಬದಲಿಗೆ ಗೇಟರ್ ಬೌಲ್‌ಗೆ ಹೋಗಿ ಫ್ಲೋರಿಡಾ ಕೈಯಲ್ಲಿ ಸೋತರು. ಅಷ್ಟರಲ್ಲಿ ಎನ್‌ಸಿಎಎ ತೀರ್ಪು ಬಂದು 2012ಕ್ಕೆ ನಿಷೇಧ ಬಿದ್ದಾಗಿತ್ತು. 2012ರಲ್ಲಿ ಅದೇ ತಂಡ ಹೊಸ ಕೋಚ್ ಅರ್ಬನ್ ಮೈಯರ್ ಕೈಕೆಳಗೆ 12-0! ಒಂದು ಪಂದ್ಯವನ್ನೂ ಸೋಲದೆ ಟಿವಿ ಮುಂದೆ ಕೂತು ರಾಷ್ಟ್ರೀಯ ಫೈನಲ್‌ನಲ್ಲಿ ನೋಟ್ರ ಡೇಮ್ ತಂಡ ಅಲಬಾಮಾ ಕೈಯಲ್ಲಿ ಏಟು ತಿನ್ನುವುದನ್ನು ನೋಡಿದರು.

---

ಬೆಳ್ಳಿಗದ್ದೆ:

ಇಲ್ಲಿ ಎಲ್ಲರೂ ಪೆನ್ ಸ್ಟೇಟ್ ಪ್ರಕರಣವನ್ನು ಉಳಿದವುಗಳ ಸಾಲಿನಲ್ಲೇ ನಿಲ್ಲಿಸುತ್ತಿದ್ದೀರಿ. ಅದು ಬೇರೆ ಜಾತಿಯದು. ನನ್ನ ಪ್ರಕಾರ ಅನ್ಯಾಯ ಶಿಕ್ಷೆಯ ಗಾತ್ರದಲ್ಲಲ್ಲ, ಅದು ಬಂದ ದಾರಿಯಲ್ಲಿತ್ತು.

ಮಾಮೂಲಿ ದಾರಿ ಹೀಗೆ: ತನಿಖೆ, ಆರೋಪಪಟ್ಟಿ, ಕಾಲೇಜಿನ ಲಿಖಿತ ಉತ್ತರ, ಉಲ್ಲಂಘನಾ ಸಮಿತಿಯ ಮುಂದೆ ವಿಚಾರಣೆ, ಆಮೇಲೆ ಮೇಲ್ಮನವಿ. ವರ್ಷಗಟ್ಟಲೆ ಎಳೆಯುತ್ತೆ. ಪೆನ್ ಸ್ಟೇಟ್‌ನಲ್ಲಿ ಇದ್ಯಾವುದೂ ಆಗಲಿಲ್ಲ. ವಿಶ್ವವಿದ್ಯಾಲಯವೇ ನೇಮಿಸಿದ್ದ, ಎಫ್‌ಬಿಐ ಮಾಜಿ ಮುಖ್ಯಸ್ಥ ಲೂಯಿ ಫ್ರೀ ಅವರ ತನಿಖಾ ತಂಡದ ವರದಿ 2012ರ ಜುಲೈ 12ಕ್ಕೆ ಬಂತು, ಜುಲೈ 23ಕ್ಕೆ ಶಿಕ್ಷೆ. ಹನ್ನೊಂದೇ ದಿನ. ಎನ್‌ಸಿಎಎ ಸ್ವಂತ ತನಿಖೆ ನಡೆಸಲಿಲ್ಲ. ಒಪ್ಪಂದದ ಕಾಗದ ಮುಂದಿಟ್ಟರು, ವಿಶ್ವವಿದ್ಯಾಲಯದ ಅಧ್ಯಕ್ಷರು ಸಹಿ ಹಾಕಿದರು, ಮೇಲ್ಮನವಿಯ ಹಕ್ಕೂ ಹೋಯಿತು. ಅಷ್ಟಕ್ಕೂ ಎನ್‌ಸಿಎಎ ನಿಯಮ ಪುಸ್ತಕ ಇರುವುದು ಆಟಗಾರರ ಆಯ್ಕೆ, ಸವಲತ್ತು, ಅರ್ಹತೆ ಇತ್ಯಾದಿಗಳ ಬಗ್ಗೆ. ಇಂಥ ಅಪರಾಧಕ್ಕೆ ಅಲ್ಲಿ ಕಲಮೇ ಇರಲಿಲ್ಲ.

ಪರಿಣಾಮ ಏನಾಯಿತು? ಪೆನ್ಸಿಲ್ವೇನಿಯಾದ ಸೆನೆಟರ್ ಒಬ್ಬರು ದಂಡದ ದುಡ್ಡು ರಾಜ್ಯದೊಳಗೇ ಖರ್ಚಾಗಬೇಕು ಎಂದು ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ಹೊರಬಂದ ಒಳಗಿನ ಇ-ಮೇಲ್‌ಗಳಲ್ಲಿ ಎನ್‌ಸಿಎಎ ಅಧಿಕಾರಿಗಳಿಗೇ ತಮ್ಮ ಅಧಿಕಾರವ್ಯಾಪ್ತಿಯ ಬಗ್ಗೆ ಅನುಮಾನ ಇದ್ದದ್ದು ಗೊತ್ತಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಬೌಲ್ ನಿಷೇಧ ಎತ್ತಿದರು, 2015ರ ಜನವರಿಯಲ್ಲಿ 112 ಗೆಲುವೂ ವಾಪಸ್. ಪ್ರಕ್ರಿಯೆ ಬಿಟ್ಟು ಕೊಟ್ಟ ಶಿಕ್ಷೆ ಅರ್ಧದಾರಿಯಲ್ಲೇ ಕುಸಿಯಿತು.

ಈಗ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯ ನೋಡಿ. ಅಲ್ಲೂ ಲೈಂಗಿಕ ದೌರ್ಜನ್ಯದ ದೂರುಗಳನ್ನು ವಿಶ್ವವಿದ್ಯಾಲಯ ಸರಿಯಾಗಿ ನಿಭಾಯಿಸಲಿಲ್ಲ ಅನ್ನುವುದೇ ವಿಷಯ. 2016ರಲ್ಲಿ ಕೋಚ್ ಹೋದರು, ಅಧ್ಯಕ್ಷರೂ ಹುದ್ದೆ ಕಳೆದುಕೊಂಡರು. ಈ ಸಲ ಎನ್‌ಸಿಎಎ ಮಾಮೂಲಿ ದಾರಿಯಲ್ಲೇ ಹೋಯಿತು. 2021ರ ಆಗಸ್ಟ್‌ನಲ್ಲಿ ಸಮಿತಿ ಹೇಳಿದ್ದು: ನಡೆದದ್ದು ನಾಚಿಕೆಗೇಡು, ಆದರೆ ನಮ್ಮ ನಿಯಮದ ಉಲ್ಲಂಘನೆ ಎನ್ನಲು ಆಗಲ್ಲ. ಬೇರೆ ಸಣ್ಣಪುಟ್ಟ ತಪ್ಪಿಗೆ ನಾಲ್ಕು ವರ್ಷ ಪ್ರೊಬೇಷನ್ (ನಿಗಾದ ಅವಧಿ), 5,000 ಡಾಲರ್ ದಂಡ. ಒಂದು ಕಡೆ ಆರು ಕೋಟಿ, ಇನ್ನೊಂದು ಕಡೆ ಐದು ಸಾವಿರ. ಕಾನೂನಿನ ದೃಷ್ಟಿಯಿಂದ ಎರಡನೆಯದೇ ಸರಿಯಾದ ತೀರ್ಪು ಅನ್ನುವುದು ನುಂಗಲಾರದ ತುತ್ತು.

ಪೆನ್ ಸ್ಟೇಟ್ ಆದೇಶದಲ್ಲಿ ಒಂದು ಒಳ್ಳೆ ಕಲಮು ಇತ್ತು, ಅದನ್ನು ಯಾರೂ ನೆನೆಯುವುದಿಲ್ಲ. ದಂಡ ಕಟ್ಟುವ ನೆಪದಲ್ಲಿ ಯಾವ ಕ್ರೀಡಾ ತಂಡವನ್ನೂ ಮುಚ್ಚುವಂತಿಲ್ಲ ಅಂತ ಬರೆದಿದ್ದರು. ಇದಿಲ್ಲದಿದ್ದರೆ ಫುಟ್‌ಬಾಲ್ ತಪ್ಪಿಗೆ ಈಜು ತಂಡದವರೋ ಕುಸ್ತಿಯವರೋ ಬೀದಿಗೆ ಬರುತ್ತಾರೆ.

---

ಶನಿವಾರ_ಸಂಜೆ:

ಹಾಗಾದರೆ ನಮ್ಮ ಐಪಿಎಲ್‌ನಲ್ಲಿ 2015ರಲ್ಲಿ ಮಾಡಿದ್ದೇ ವಾಸಿಯಾ? ಲೋಧಾ ಸಮಿತಿ ಚೆನ್ನೈ, ರಾಜಸ್ಥಾನ ತಂಡಗಳನ್ನು ಎರಡು ವರ್ಷ ಕೂರಿಸಿತು, ಆಟಗಾರರು ಪುಣೆ, ರಾಜ್‌ಕೋಟ್ ಕಡೆ ಆಡಿದರು.

---

ಕಡತದ_ಹುಳು:

ತತ್ವ ಒಳ್ಳೆಯದು, ಅಲ್ಲಿ ಕೂತದ್ದು ಮಾಲೀಕರು, ಹುಡುಗರಲ್ಲ. ಆದರೆ ಅದು ನಡೆದದ್ದು ಎರಡು ಹೊಸ ತಂಡ ಸೃಷ್ಟಿಸಿ ಆಟಗಾರರನ್ನು ಹಂಚಲು ಸಾಧ್ಯವಿದ್ದ ಲೀಗ್‌ನಲ್ಲಿ. ಕಾಲೇಜಿನಲ್ಲಿ 85 ಹುಡುಗರಿಗೆ ಸೀಟು, ತರಗತಿ, ಡಿಗ್ರಿಯ ಕ್ರೆಡಿಟ್ ಎಲ್ಲ ಬೇಕು. @ಮೂರನೇ_ಡೌನ್, ನಿಮ್ಮ ತೆರೆದ ಬಾಗಿಲಿನ ಮಾತಿಗೂ ಇದೇ ಅಡ್ಡಿ. ಆಗಸ್ಟ್‌ನಲ್ಲಿ ತೀರ್ಪು ಬಂದರೆ ಸೀಸನ್ ಎದುರಿಗೇ ಇರುತ್ತೆ, ಬೇರೆ ಕಾಲೇಜುಗಳ ಜಾಗ ಭರ್ತಿಯಾಗಿರುತ್ತೆ, ಮೂರನೇ ವರ್ಷದ ಕ್ರೆಡಿಟ್‌ಗಳಲ್ಲಿ ಎಷ್ಟೋ ಹೊಸ ಕಡೆ ಒಪ್ಪುವುದಿಲ್ಲ. 2012ರಲ್ಲಿ ಪೆನ್ ಸ್ಟೇಟ್‌ನವರಿಗೆ ಕಾಯದೆ ಹೋಗುವ ಅನುಮತಿ ಇತ್ತು, ಆದರೂ ಹೆಚ್ಚಿನವರು ಅಲ್ಲೇ ಉಳಿದರು. ಆ ವರ್ಷ 8-4.

ಇಡೀ ತಂಡ ಕೂರಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಎಸ್‌ಎಂಯು ಇದೆ. 1987ರ ಸೀಸನ್ ಎನ್‌ಸಿಎಎ ರದ್ದು ಮಾಡಿತು. 1988ರಲ್ಲಿ ಹೊರಗಿನ ಏಳು ಪಂದ್ಯಕ್ಕೆ ಅವಕಾಶ ಇತ್ತು, ತಂಡ ಕಟ್ಟಲು ಜನ ಇಲ್ಲದೆ ಕಾಲೇಜೇ ಕೈಬಿಟ್ಟಿತು. 1989ರಲ್ಲಿ ಮರಳಿ ಬಂದಾಗ ಹ್ಯೂಸ್ಟನ್ ವಿರುದ್ಧ 95-21ರ ಸೋಲು. ಮುಂದಿನ ಬೌಲ್ ಪಂದ್ಯ 2009ರಲ್ಲಿ. ಇಷ್ಟಕ್ಕೆಲ್ಲ ಕಾರಣ 13 ಆಟಗಾರರಿಗೆ ಕೊಟ್ಟ ಸುಮಾರು 61,000 ಡಾಲರ್, ಜೊತೆಗೆ ಐದು ವರ್ಷದೊಳಗೆ ಎರಡನೇ ಸಲ ಸಿಕ್ಕಿಬಿದ್ದದ್ದು. 2025ರ ಜುಲೈನಿಂದ ಒಂದು ಕಾಲೇಜು ತನ್ನ ಕ್ರೀಡಾಪಟುಗಳಿಗೆ ನೇರವಾಗಿ, ರಾಜಾರೋಷವಾಗಿ ದುಡ್ಡು ಕೊಡಬಹುದು; ಮೊದಲ ವರ್ಷ, 2025-26ರಲ್ಲಿ, ಅದರ ಮಿತಿ 2.05 ಕೋಟಿ ಡಾಲರ್ ಇತ್ತು. 85ರ ಸ್ಕಾಲರ್‌ಶಿಪ್ ಮಿತಿಯೂ ಹೋಗಿ 105 ಜನರ ತಂಡದ ಮಿತಿ ಬಂದಿದೆ, ಹಾಗಾಗಿ ಹಳೆಯ ಕಡಿತದ ಶಿಕ್ಷೆಗೆ ಮೊದಲಿನ ಮೊನೆ ಇಲ್ಲ. ಮುಂದೆ ಕಡಿಯಬೇಕಾದ್ದು ಈ ನೇರ ಪಾವತಿಯ ಮಿತಿಯನ್ನು. ಹೊಸ ಆಟಗಾರರನ್ನು ಕೊಳ್ಳುವ ಶಕ್ತಿಯೇ ಕುಗ್ಗುತ್ತೆ, ದಾನಿಗಳ ಚೆಕ್‌ನಿಂದ ಅದನ್ನು ತುಂಬಿಸಲು ಕಷ್ಟ.

ಇನ್ನು ತಪ್ಪಿತಸ್ಥನ ಜೇಬಿಗೇ ಕೈ ಹಾಕಿದ ಒಂದು ಉದಾಹರಣೆ ಟೆನೆಸಿಯದು. ಕೋಚ್ ಜೆರೆಮಿ ಪ್ರುಯಿಟ್ ಅವರನ್ನು 2021ರ ಜನವರಿಯಲ್ಲಿ ತೆಗೆದಾಗ ಕಾರಣ ಕೊಟ್ಟು ವಜಾ ಮಾಡುವ ಕಲಮು ಬಳಸಿದರು. ಸುಮ್ಮನೆ ತೆಗೆದಿದ್ದರೆ 1.26 ಕೋಟಿ ಡಾಲರ್ ಪರಿಹಾರ ಕೊಡಬೇಕಿತ್ತು, ಅದು ಉಳಿಯಿತು. ಎನ್‌ಸಿಎಎಯ ಆರು ವರ್ಷದ ಶೋ-ಕಾಸ್ ಬಂದದ್ದು ಅದಾಗಿ ಎರಡೂವರೆ ವರ್ಷಕ್ಕೆ.